ಹೊಟ್ಟೆ ಕೊಯ್ದರೆ ಭುಜ ಯಾಕೆ ನೋಯಬೇಕು

ಸಂತೆಗೆ ಹೋದರೆ ನಾನು ತಕ್ಕಡಿಯ ಕೆಳಗೆ ಬಗ್ಗಿ ನೋಡುವವಳು. ಅಂಗಡಿಯವನು ಅಲ್ಲಿ ಏನು ಅಂಟಿಸಿಟ್ಟಿದ್ದಾನೋ ಯಾರಿಗೆ ಗೊತ್ತು. ಕುಪ್ಪಸ ಹೊಲಿಯಲು ಕೊಟ್ಟರೆ ಉಳಿದ ತುಂಡು ಬಟ್ಟೆಯನ್ನು ಕೇಳಿ ಇಸಿದುಕೊಳ್ಳುವವಳು. "ನೀ ಪೊಲೀಸ್ ಖಾತೇದಾಗ ಇರಬೇಕಾಗಿತ್ತು ನೋಡು" ಎಂದು ನಮ್ಮ ಮನೆಯವರು ಚೇಷ್ಟೆ ಮಾಡುತ್ತಾರೆ. ಮಾಡಲಿ. ನಂಬಿ ಮೋಸ ಹೋಗುವುದಕ್ಕಿಂತ ನಂಬದೆ ಬೈಸಿಕೊಳ್ಳುವುದು ನನಗೆ ಹಗುರ.

ಅಂಥ ನಾನು ಉದಗೀರಿನ ದವಾಖಾನೆಯಲ್ಲಿ ಕಣ್ಣು ಬಿಟ್ಟಾಗ ಮೊದಲು ಗೊತ್ತಾದದ್ದು ಬಲಗಡೆಯ ಭುಜದ ನೋವು. ಆಪರೇಶನ್ ಆದದ್ದು ಹೊಟ್ಟೆಗೆ. ನೋವು ಭುಜಕ್ಕೆ. ಕುತ್ತಿಗೆಯ ಬುಡದಿಂದ ರಟ್ಟೆಯವರೆಗೆ ಒಳಗಿಂದ ಯಾರೋ ಹಿಂಡುತ್ತಿದ್ದಂತೆ ಇತ್ತು, ಉಸಿರು ಮೇಲಕ್ಕೆಳೆದರೆ ಚುಚ್ಚುತ್ತಿತ್ತು. ಹೊಟ್ಟೆ ಕೊಯ್ದರೆ ಭುಜ ಯಾಕೆ ನೋಯಬೇಕು? ಎಚ್ಚರ ತಪ್ಪಿದ್ದಾಗ ಟೇಬಲ್ಲಿನ ಮೇಲಿಂದ ಬೀಳಿಸಿದರೇನು? ಇಲ್ಲ, ಹೇಳಿದ್ದಕ್ಕಿಂತ ಹೆಚ್ಚು ಏನಾದರೂ ಮಾಡಿದರೇನು?

ನರ್ಸನ್ನು ಕೇಳಿದೆ. ಅವಳು ಸಲೈನಿನ ಬಾಟಲಿ ಬದಲಿಸುತ್ತಲೇ ಮರಾಠಿಯಲ್ಲಿ ಹೇಳಿದಳು. ಸಣ್ಣ ಸಣ್ಣ ತೂತು ಮಾಡಿ ಕ್ಯಾಮೆರಾ ಬಿಡುವ ಮೊದಲು ಹೊಟ್ಟೆಗೆ ಗ್ಯಾಸು ತುಂಬಿ ಉಬ್ಬಿಸುತ್ತಾರಂತೆ. ಕೆಲಸ ಮುಗಿದ ಮೇಲೆ ತೆಗೆದರೂ ಸ್ವಲ್ಪ ಉಳಿಯುತ್ತದಂತೆ. ಅದು ಎದೆಯ ಕೆಳಗಿನ ಪರದೆಗೆ ತಾಗಿದರೆ ನೋವು ಭುಜದಲ್ಲಿ ಕಾಣಿಸುತ್ತದಂತೆ. ಗುಳಿಗೆಯನ್ನು ಹೊತ್ತಿಗೆ ಸರಿಯಾಗಿ ನುಂಗಬೇಕು, ನೋವು ಏರುವತನಕ ಕಾಯಬಾರದು, ಸಂಜೆಯಿಂದಲೇ ಎದ್ದು ಅಡ್ಡಾಡಬೇಕು, ಆಗ ತಾನಾಗಿಯೇ ಹೋಗುತ್ತದೆ ಎಂದಳು. ನಾನು ಹೂಂ ಅಂದೆ. ಮನಸ್ಸಿನಲ್ಲಿ ಮಾತ್ರ, ಕೆಳಗಿನ ಮನೆಯ ನಲ್ಲಿ ಬಿಟ್ಟರೆ ಮೇಲಿನ ಮನೆ ಸೋರುತ್ತದೆ ಅಂದ ಹಾಗಾಯಿತಲ್ಲ ಇದು, ಅಂದುಕೊಂಡೆ.

ನನ್ನ ಅನುಮಾನಕ್ಕೆ ಬುಡ ಇತ್ತು. ಬೀದರ ಜಿಲ್ಲೆಯ ಔರಾದ ಕಡೆಯಿಂದ ನಾನು ತುರೋರಿಗೆ ಸೊಸೆಯಾಗಿ ಬಂದವಳು. ತುರೋರಿ ಗಡಿಯಾಚೆ, ಉಮರ್ಗಾ ತಾಲೂಕಿನ ಹೆದ್ದಾರಿಯ ಊರು. ಮನೆಯಲ್ಲಿ ಕನ್ನಡ, ಬಾಗಿಲು ದಾಟಿದರೆ ಮರಾಠಿ. ನಮ್ಮ ಓಣಿಯಲ್ಲಿ ಹೊಟ್ಟೆನೋವೆಂದು ದವಾಖಾನೆಗೆ ಹೋದ ಹೆಂಗಸರು ಎಷ್ಟೋ ಮಂದಿ ಪಿಶವಿ ಕಳೆದುಕೊಂಡು ಬಂದಿದ್ದಾರೆ. ಪಿಶವಿ ಅಂದರೆ ಚೀಲ. ನಮ್ಮ ಕಡೆ ಗರ್ಭಕೋಶಕ್ಕೆ ಹಾಗೇ ಅನ್ನುವುದು. "ಆಕೀದು ಪಿಶವಿ ತಗಸ್ಯಾರ" ಎಂದು ಹಲ್ಲು ಕೀಳಿಸಿದ ಹಾಗೆ ಹೇಳುತ್ತಾರೆ. ಅವರಿಗೆಲ್ಲ ಮಕ್ಕಳಾಗಿದ್ದವು. ನನಗೆ ಮದುವೆಯಾಗಿ ವರ್ಷಗಳೇ ಕಳೆದರೂ ಒಂದೂ ಇರಲಿಲ್ಲ. ಮುಟ್ಟಿನ ದಿನಗಳಲ್ಲಿ ನೆಲ ಹಿಡಿಯುವಂಥ ಹೊಟ್ಟೆನೋವು. ಉಮರ್ಗಾದಲ್ಲಿ ಸೋನೋಗ್ರಾಫಿ ಮಾಡಿಸಿದರೆ ಎಡಗಡೆಯ ಅಂಡಾಶಯದಲ್ಲಿ ಗಂಟು ಅಂದರು, ಉದಗೀರಿಗೆ ಕಳಿಸಿದರು. ಆಪರೇಶನ್ನಿಗೆ ಮುಂಚೆ ಅಲ್ಲಿಯ ಡಾಕ್ಟರ್ ಬಾಯಿಯನ್ನು, ಹೆಣ್ಣು ಡಾಕ್ಟರಿಗೆ ನಮ್ಮ ಕಡೆ ಹಾಗೇ ಅನ್ನುವುದು, ನಾನು ಕೇಳಿದ್ದೆ, ಪಿಶವಿಗೆ ಕೈ ಹಚ್ಚುವುದಿಲ್ಲವಲ್ಲ ಎಂದು. ಇಲ್ಲ, ಗಂಟು ಮಾತ್ರ ಎಂದಿದ್ದರು. ಎಲ್ಲರೂ ಮೊದಲು ಹಾಗೇ ಅನ್ನುತ್ತಾರೆ.

ಆ ದವಾಖಾನೆಯಲ್ಲಿ ಒಂದು ಪದ್ಧತಿ. ಒಳಗಿಂದ ತೆಗೆದದ್ದನ್ನು ಸ್ಟೀಲಿನ ಟ್ರೇಯಲ್ಲಿ ಹೊರಗೆ ತಂದು ಕೂತವರಿಗೆ ತೋರಿಸುತ್ತಾರೆ. ನೋಡಿ, ಇದನ್ನು ತೆಗೆದೆವು, ಆಮೇಲೆ ತಕರಾರು ಮಾಡಬೇಡಿ ಎಂಬ ಹಾಗೆ. ಅದು ನನಗೆ ಗೊತ್ತಿತ್ತು. ಅದಕ್ಕೇ ನಮ್ಮ ಮನೆಯವರನ್ನು ಮಂಚದ ಹತ್ತಿರ ಕರೆದೆ.

"ಟ್ರೇದಾಗ ಏನಿತ್ರಿ? ನೀವು ನೋಡೀರಿ?"

"ನಾ ಗುಳಿಗಿ ತರಾಕ ಮೆಡಿಕಲ್‌ಗೆ ಹೋಗಿದ್ದೆ. ಅವ್ವ ನೋಡ್ಯಾಳ."

ಸುಳ್ಳು. ರಕ್ತ ನೋಡಲಾರದೆ ಓಡಿಹೋಗಿದ್ದಾರೆ. ಆಕಳು ಕರು ಹಾಕುವಾಗಲೂ ಗೋದಲಿಯ ಆಚೆ ಮುಖ ಮಾಡಿ ನಿಲ್ಲುವ ಗಂಡಸು. ಸರಿ, ಅತ್ತೆಯ ಕಡೆ ತಿರುಗಿದೆ. ಅತ್ತೆ ಮೂಲೆಯ ಸ್ಟೂಲಿನ ಮೇಲೆ ಕೂತು ಎದೆಯ ಮೇಲಿನ ಲಿಂಗವನ್ನು ಸೀರೆಯ ಮೇಲಿಂದಲೇ ಹಿಡಿದುಕೊಂಡಿದ್ದರು.

"ಅತ್ತೀ, ಏನು ತೆಗದಾರ್ರಿ?"

"ಗಂಟು" ಅಂದರು. ನನ್ನ ಮುಖ ನೋಡಲಿಲ್ಲ. ಎದ್ದು ಬಂದು ನನ್ನ ಹಣೆಯ ಮೇಲಿನ ಕೂದಲು ಸರಿಸಿ, "ಮಲ್ಕೋ ಯವ್ವಾ" ಅಂದರು.

ನನ್ನ ಕಿವಿ ನೆಟ್ಟಗಾದವು. ಆ ಬಾಯಿಂದ 'ಯವ್ವಾ' ನಾನು ಕೇಳಿದ್ದೇ ಇಲ್ಲ. ನಮ್ಮ ಅತ್ತೆ ಕೆಟ್ಟವರಲ್ಲ, ಆದರೆ ನಾಲಿಗೆಯ ಮೇಲೆ ಬೆಲ್ಲ ಇಟ್ಟುಕೊಂಡು ಹುಟ್ಟಿದವರೂ ಅಲ್ಲ. ರೊಟ್ಟಿ ದಪ್ಪವಾದರೆ "ಎತ್ತಿಗೆ ಹಾಕೋದೇನು ಇದು" ಅನ್ನುವ ಮನುಷ್ಯಳು. ಇಂಥವರು ಒಮ್ಮೆಲೇ ಮೆತ್ತಗಾದರೆ ಏನೋ ಆಗಿದೆ ಎಂದೇ ಅರ್ಥ. ಪಿಶವಿ ಹೋಗಿದೆ ಅಂದುಕೊಂಡೆ.

ದವಾಖಾನೆಯಿಂದ ಬಿಟ್ಟ ದಿನ ಬಾಡಿಗೆ ಗಾಡಿಯಲ್ಲಿ ಹೊರಟೆವು. ನರ್ಸು ದಿಂಬೊಂದನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಳ್ಳಲು ಹೇಳಿದ್ದಳು, ಕೆಮ್ಮುವಾಗ, ಗಾಡಿ ಕುಲುಕುವಾಗ. ಅದೊಂದು ಮಾತು ಮಾತ್ರ ಖರೆಯಾಯಿತು. ದೇವಣಿ ದಾಟುವವರೆಗೆ ರಸ್ತೆ ಹೇಗಿತ್ತೆಂದರೆ ಆ ದಿಂಬು ಇಲ್ಲದಿದ್ದರೆ ನಾನು ಡ್ರೈವರನ ಕೊರಳುಪಟ್ಟಿ ಹಿಡಿಯುತ್ತಿದ್ದೆ. ನಿಲಂಗಾದಲ್ಲಿ ಚಹಾಕ್ಕೆ ನಿಲ್ಲಿಸಿದರು. ನಾನು ನೀರಿನ ಬಾಟಲಿ ಎತ್ತಿದೆ, ಅತ್ತೆ ಕೈಯಿಂದ ಕಸಿದುಕೊಂಡರು.

"ತಣ್ಣೀರು ಬ್ಯಾಡ. ಮನೀಗೆ ಹೋಗಿ ಕಾಸಿ ಕೊಡ್ತೀನಿ."

"ಡಾಕ್ಟರ್ ಬಾಯಿ ನೀರು ಭಾಳ ಕುಡಿ ಅಂದಾರ್ರಿ."

"ಆಕಿಗೇನು ಗೊತ್ತು" ಅಂದರು ಅತ್ತೆ. ಆ ಮಾತಿನಲ್ಲಿ ಎಂಥ ಸಿಟ್ಟಿತ್ತೆಂದರೆ, ಎದುರು ಕೂತಿದ್ದ ನಮ್ಮ ಮನೆಯವರು ಚಹಾದ ಗ್ಲಾಸು ಹಿಡಿದುಕೊಂಡು ಎದ್ದು ಆಚೆ ಹೋದರು. ಡಾಕ್ಟರ್ ಬಾಯಿಯ ಮೇಲೆ ಅತ್ತೆಗೆ ಯಾಕಿಷ್ಟು ಸಿಟ್ಟು? ಟ್ರೇಯಲ್ಲಿ ಏನು ನೋಡಿದ್ದಾರೆ? ಉಮರ್ಗಾ ಬರುವವರೆಗೂ ನನ್ನ ತಲೆಯಲ್ಲಿ ಇದೇ ಹುಳ.

ಮನೆಗೆ ಬಂದ ಮೇಲೆ ಶುರುವಾಯಿತು ನೋಡಿ ಉಪಚಾರ. ಒಳಮನೆಯಲ್ಲಿ ಹೊರಸು ಹಾಕಿ, ಕಿಟಕಿಗೆ ಗೋಣಿತಟ್ಟು ಕಟ್ಟಿ, ನನ್ನನ್ನು ಮಲಗಿಸಿದರು. ಕಿವಿಗೆ ಬಟ್ಟೆ. ಹಳೆಯ ಸೀರೆ ಉದ್ದಕ್ಕೆ ಹರಿದು ಹೊಟ್ಟೆಗೆ ಸುತ್ತಿ ಬಿಗಿದರು, ಹೊಲಿಗೆ ಹಾಕಿದ ಜಾಗ ಬಿಟ್ಟು ಅದರ ಮೇಲೂ ಕೆಳಗೂ. ಹೊರಸಿನ ಕೆಳಗೆ ಅಗ್ಗಿಷ್ಟಿಗೆ ಇಟ್ಟು, ಕೆಂಡದ ಮೇಲೆ ಅಜವಾನ ಉದುರಿಸಿ ಹೊಗೆ ಕೊಟ್ಟರು. ಬೆಳಿಗ್ಗೆ ಒಂದು, ಸಂಜೆ ಒಂದು ಅಂಟಿನುಂಡೆ, ಕೈಯಿಂದ ತುಪ್ಪ ಸೋರುವಂಥದ್ದು. "ಏಳಬ್ಯಾಡ, ಕಾಲ ಕೆಳಗಿಡಬ್ಯಾಡ, ಮೈ ಹಸಿ ಅದ" ಎಂದು ಕಣ್ಣಲ್ಲಿ ಕಣ್ಣಿಟ್ಟು ಕಾವಲು.

ಓದುವ ಹೆಂಗಸರಿಗೆ ಬಿಡಿಸಿ ಹೇಳಬೇಕಿಲ್ಲ. ಇದು ಬಾಣಂತನ. ಹಡೆದವಳಿಗೆ ಮಾಡುವುದು. ಹಡೆಯದ ನನಗೆ ಯಾಕೆ? ಕೇಳಿದರೆ, "ಹೊಟ್ಟಿ ಕೊಯ್ಸಿಕೊಂಡವರಿಗೂ ಇದೇ" ಅಂದರು. ಮಾತು ಮುಗಿಯುವ ಮೊದಲೇ ಅಡುಗೆಮನೆಗೆ ಹೋದರು.

ಭುಜದ ನೋವು ಕಡಿಮೆಯಾಗುವುದು ಹೋಗಲಿ, ಏರಿತು. ಹೊಟ್ಟೆ ನಗಾರಿಯ ಹಾಗೆ ಉಬ್ಬಿತು. ಬಿಗಿದ ಬಟ್ಟೆಯಿಂದ ಉಸಿರು ಪೂರಾ ಎಳೆದುಕೊಳ್ಳಲು ಆಗುತ್ತಿರಲಿಲ್ಲ. ಹೊಗೆಗೆ ಕೆಮ್ಮು ಬಂದರೆ ಹೊಲಿಗೆಯ ಜಾಗದಲ್ಲಿ ಬೆಂಕಿ ಇಟ್ಟಂತೆ. ಗುಳಿಗೆ ಇತ್ತಲ್ಲ, ನುಂಗಬಾರದಿತ್ತೇನು ಅನ್ನುತ್ತೀರಿ. ಅದನ್ನು ನಾನು ನುಂಗುತ್ತಿರಲಿಲ್ಲ. ನಾಲಿಗೆಯ ಕೆಳಗಿಟ್ಟುಕೊಂಡು ನೀರು ಮಾತ್ರ ಕುಡಿದು, ಆಮೇಲೆ ಬಚ್ಚಲಿಗೆ ಉಗುಳುತ್ತಿದ್ದೆ. ಇದರಲ್ಲಿ ಹುಚ್ಚುತನ ಏನೂ ಇಲ್ಲ, ನನ್ನದೊಂದು ಲೆಕ್ಕಾಚಾರ ಇತ್ತು. ನೋವು ಹೋಯಿತೆಂದರೆ ಕೇಳುವ ನೆಪವೂ ಹೋಗುತ್ತದೆ. "ಈಗೇನು ಬ್ಯಾನಿ ಇಲ್ಲಲ್ಲ, ಸುಮ್ಮನಿರು" ಅನ್ನುತ್ತಾರೆ. ನೋವಿರುವತನಕ ನಾನು ಕೇಳಬಹುದು, ನರಳಬಹುದು, ನನ್ನೊಳಗೆ ಏನು ಮಾಡಿದಿರಿ ಎಂದು ಜಗಳ ಕಾಯಬಹುದು. ಒಳಗೆ ಏನಾಗಿದೆಯೆಂದು ನೋಡಿಬಂದ ಸಾಕ್ಷಿ ನನ್ನ ಪಾಲಿಗೆ ಆ ನೋವೊಂದೇ. ಅದನ್ನು ಗುಳಿಗೆ ಹಾಕಿ ಮಲಗಿಸಲು ನಾನು ತಯಾರಿರಲಿಲ್ಲ.

ಹೀಗಿರುವಾಗ ಆಚೆಮನೆಯ ಚಿಕ್ಕಮ್ಮ, ನಾವೆಲ್ಲ ಕಾಕು ಅನ್ನುವವಳು, ಮಾತಾಡಿಸಲು ಬಂದಳು. ಅವಳು ಪಿಶವಿ ತೆಗೆಸಿಕೊಂಡು ಎಷ್ಟೋ ಕಾಲವಾಗಿದೆ. ಹೊರಸಿನ ಕಾಲ ಬಳಿ ಕೂತು ಹೊಗೆ, ಬಟ್ಟೆ, ಉಂಡೆ ಎಲ್ಲ ನೋಡಿದಳು.

"ನಂದು ತೆಗದಾಗ ಒಂದು ವಾರಕ್ಕ ಹೊಲಕ್ಕ ಕಳಿಸ್ಯಾರ. ನೀ ಪುಣ್ಯವಂತಿ" ಅಂದಳು. ಆಮೇಲೆ ನನ್ನ ಕಡೆ ಬಾಗಿ, "ನಿಂದೂ ತೆಗದಾರೇನು?" ಅಂದಳು.

"ಇಲ್ಲ. ಗಂಟು ಅಷ್ಟೇ" ಅಂದೆ.

"ಹಾಂ" ಅಂದಳು ಕಾಕು. ಆ 'ಹಾಂ' ಕೇಳಿದರೆ ನಿಮಗೂ ಮೈ ಉರಿಯುತ್ತಿತ್ತು.

ಅವಳು ಹೋದದ್ದೇ ತಡ ಅತ್ತೆ ಅಗ್ಗಿಷ್ಟಿಗೆಗೆ ಮತ್ತೊಂದು ಹಿಡಿ ಅಜವಾನ ಸುರಿದರು. ಹೊಗೆ ಗಂಟಲಿಗೆ ಹೋಯಿತು. ಕೆಮ್ಮಿದೆ. ಕೆಮ್ಮಿದ್ದಕ್ಕೆ ಹೊಟ್ಟೆ, ಹೊಟ್ಟೆಗೆ ಕೈ ಹಚ್ಚಿದ್ದಕ್ಕೆ ಭುಜ, ಎಲ್ಲ ಒಟ್ಟಿಗೆ ಎದ್ದವು. ಕಣ್ಣೀರು ದಳದಳ ಇಳಿಯಿತು. ಹೊಟ್ಟೆಯ ಬಟ್ಟೆ ಹಿಡಿದು ಎಳೆದೆ, ಬಿಚ್ಚಿ ಮೂಲೆಗೆ ಎಸೆದೆ, ಕಾಲು ಕೆಳಗಿಟ್ಟು ನಿಂತೆ.

"ಅತ್ತೀ, ಇವತ್ತ ಖರೇ ಹೇಳ್ರಿ. ನನ್ನ ಪಿಶವಿ ತೆಗದಾರೋ ಇಲ್ಲೋ? ನೀವು ನೋಡೀರಿ. ನಿಮಗ ಗೊತ್ತದ. ಇಷ್ಟು ತುಪ್ಪ ತಿನ್ನಿಸಿ ಯಾಕ ಬಾಯಿ ಮುಚ್ಚಸ್ತೀರಿ?"

ಅತ್ತೆ ನೆಲದ ಮೇಲೆ ಕೂತುಬಿಟ್ಟರು. ಸೆರಗು ಬಾಯಿಗೆ ಹೋಯಿತು. ಹೊರಗೆ ಹೆದ್ದಾರಿಯಲ್ಲಿ ಲಾರಿಗಳು ಹಾರ್ನ್ ಹಾಕುತ್ತ ಹೋಗುತ್ತಿದ್ದವು.

"ಪಿಶವಿ ಅಲ್ಲ ಯವ್ವಾ" ಅಂದರು ಕೊನೆಗೆ. "ಕೂಸು."

ನನಗೆ ಅರ್ಥವಾಗಲಿಲ್ಲ.

"ಟ್ರೇದಾಗ ಕೂದಲ ಇದ್ವು. ನನ್ನ ಕಣ್ಣಿಲೆ ನೋಡೀನಿ. ಕರ್ರಗ, ಇಷ್ಟುದ್ದ. ಬೆಣ್ಣಿ ಮೆತ್ತಿದಂಗ ಏನೋ ಹತ್ತಿತ್ತು. ಒಂದು ಹಲ್ಲೂ ಇತ್ತು, ಅಕ್ಕಿಕಾಳಿನಷ್ಟು. ಗಂಟು ಅಂತ ಅಂದ ಆ ಟ್ರೇ ತಂದ ಕಂಪೌಂಡರ, ಇಂಥಾ ಗಂಟಿನ್ಯಾಗ ಕೂದಲ ಇರತಾವ ಅಂದ. ಯಾರಿಗೆ ಹೇಳ್ತಾನ? ಗಂಟಿಗೆ ಎಲ್ಲ್ಯಾರ ಕೂದಲ ಬರತಾವೇನು? ಹಲ್ಲು ಬರತದೇನು? ಕೂಸು ಇತ್ತು ನಿನ್ನ ಹೊಟ್ಟ್ಯಾಗ. ಅವರು ತೆಗದು ಚೆಲ್ಲ್ಯಾರ."

ನಾನು ಹೊರಸಿನ ಕಟ್ಟು ಹಿಡಿದು ಕೂತೆ.

"ನಿನಗ ಹ್ಯಾಂಗ ಹೇಳ್ಲಿ? ಅಂವಗ ಹ್ಯಾಂಗ ಹೇಳ್ಲಿ? ಇಷ್ಟು ವರ್ಷಕ್ಕ ಒಂದು ನಿಂತಿತ್ತು, ಅದೂ ಹೋಯ್ತು ಅಂತ? ನಾ ಒಬ್ಬಾಕಿನೇ ನೋಡೀನಿ, ನಾ ಒಬ್ಬಾಕಿನೇ ಇಟ್ಕೊಂಡೀನಿ." ಅತ್ತೆ ಎದ್ದು ಮೂಲೆಗೆ ಹೋಗಿ ನಾನು ಎಸೆದ ಬಟ್ಟೆಯನ್ನು ಎತ್ತಿ ಮಡಚತೊಡಗಿದರು. "ಕೂಸು ಹೋದ್ರ ತಾಯಿ ಬಾಣಂತಿ ಅಲ್ಲೇನು? ಅದಕ್ಕ ಮಾಡೀನಿ. ತಪ್ಪೇನದ?"

ಆಗ ನನಗೆ ಆದದ್ದನ್ನು ಹೇಳುವುದು ಕಷ್ಟ. ಮೈಮೇಲೆ ಮುಳ್ಳು ಎದ್ದವು. ಕೂದಲಿನ, ಹಲ್ಲಿನ ಕೂಸು ಸ್ಟೀಲಿನ ಟ್ರೇಯಲ್ಲಿ. ಅಳು ಬಂತು. ಅಳುವಿನ ನಡುವೆಯೇ, ಹಾಗಾದರೆ ನನ್ನ ಹೊಟ್ಟೆಯಲ್ಲಿ ಕೂಸು ನಿಲ್ಲುತ್ತದೆ ಎಂಬ ಹಾಳು ಸಂತೋಷವೂ ಬಂತು. ಅದರ ಹಿಂದೆಯೇ ಅನುಮಾನ. ಕೂಸು ತೆಗೆಯುವಾಗ ಪಿಶವಿಯನ್ನು ಬಿಟ್ಟಿರುತ್ತಾರೆಯೇ? ಮತ್ತೊಂದು ಅನುಮಾನ. ಕೂಸು ಇದ್ದಿದ್ದರೆ ಮುಟ್ಟು ನಿಲ್ಲಬೇಕಿತ್ತಲ್ಲ, ನನ್ನದು ಒಂದು ತಿಂಗಳೂ ತಪ್ಪಿರಲಿಲ್ಲ. ಅತ್ತೆ ನೋಡಿದ್ದು ಖರೆಯೋ, ಕಂಪೌಂಡರ ಹೇಳಿದ್ದು ಖರೆಯೋ? ಇಬ್ಬರಲ್ಲಿ ಒಬ್ಬರನ್ನೂ ಪೂರಾ ನಂಬಲು ಆಗಲಿಲ್ಲ. ಅತ್ತೆಯ ಮೇಲಿನ ಸಿಟ್ಟು ಮಾತ್ರ ಅಲ್ಲೇ ಇಳಿದುಹೋಯಿತು. ಅವರ ಹೆಗಲ ಮೇಲೆ ಕೈ ಹಾಕಿದೆ, ಇಬ್ಬರೂ ಕೂತು ಅತ್ತೆವು.

ಸಂಜೆ ನಮ್ಮ ಮನೆಯವರು ಹೊಲದಿಂದ ಬಂದರು. ವಿಷಯ ಕೇಳಿ ಮುಖ ಬಿಳಿಚಿಕೊಂಡು, "ಫೋನ್ ಹಚ್ಚಿ ಕೇಳೋಣ" ಅಂದರು.

"ಬ್ಯಾಡ" ಅಂದೆವು ಅತ್ತೆ ಸೊಸೆ ಇಬ್ಬರೂ ಒಂದೇ ಸಲ. ಫೋನಿನಲ್ಲಿ ಯಾರು ಏನು ಬೇಕಾದರೂ ಹೇಳಬಹುದು. ಮುಖ ನೋಡಿ ಕೇಳಬೇಕು. ಮರುದಿನ ಅದೇ ಗಾಡಿ, ಅದೇ ದಿಂಬು, ಮತ್ತೆ ಉದಗೀರು.

ಡಾಕ್ಟರ್ ಬಾಯಿ ನಮ್ಮಿಬ್ಬರ ಮುಖ ನೋಡಿಯೇ ಕುರ್ಚಿ ಮುಂದಕ್ಕೆಳೆದುಕೊಂಡರು. ನಾನು ಕೇಳಿದೆ. ನನ್ನದಾದ ಮೇಲೆ ಅತ್ತೆ ಕೇಳಿದರು, ಮರಾಠಿಯಲ್ಲಿ, ಒಂದೊಂದೇ ಮಾತು ಇಟ್ಟು, ಸಾಕ್ಷಿ ಹೇಳುವ ಹಾಗೆ. ಡಾಕ್ಟರ್ ಬಾಯಿ ನಗಲಿಲ್ಲ. ಅವರು ನಕ್ಕಿದ್ದರೆ ಅತ್ತೆ ಅಲ್ಲೇ ಏನು ಮಾಡುತ್ತಿದ್ದರೋ ಶಿವನೇ ಬಲ್ಲ.

ಅವರು ಹೇಳಿದ್ದು ಇಷ್ಟು. ಕೆಲವರ ಅಂಡಾಶಯದಲ್ಲಿ ಇಂಥ ಗಂಟು ಬೆಳೆಯುತ್ತದೆ. ಚರ್ಮ, ಕೂದಲು, ಹಲ್ಲು ಆಗಬಲ್ಲ ಕಣಗಳು ಅದರಲ್ಲಿ ಇರುತ್ತವೆ, ಅವು ತಮ್ಮಷ್ಟಕ್ಕೆ ತಾವು ಬೆಳೆಯುತ್ತವೆ. ಮದುವೆಯಾಗದ ಹುಡುಗಿಯರಲ್ಲೂ ಇರುತ್ತದೆ. ಅದು ಕೂಸಲ್ಲ, ಕೂಸು ಆಗುವಂಥದ್ದೂ ಅಲ್ಲ. ಗಂಟನ್ನಷ್ಟೇ ಬಿಡಿಸಿ ತೆಗೆದಿದ್ದೇವೆ, ಅಂಡಾಶಯ ಉಳಿಸಿದ್ದೇವೆ, ಪಿಶವಿಯನ್ನು ಮುಟ್ಟಿಲ್ಲ. ಆಮೇಲೆ ಕಂಪ್ಯೂಟರಿನಲ್ಲಿ ನನ್ನ ಆಪರೇಶನ್ನಿನ ವಿಡಿಯೋ ಹಚ್ಚಿ ತೋರಿಸಿದರು. ನನ್ನ ಹೊಟ್ಟೆಯ ಒಳಗು, ನಾನೇ ನೋಡಿದೆ. ಗುಲಾಬಿ ಬಣ್ಣ, ಒದ್ದೆ ಒದ್ದೆ ಹೊಳಪು. ನಡುವೆ ಮುಷ್ಟಿಯಷ್ಟು ಒಂದು ಗುಂಡನೆಯದು. ಅದರ ಮೇಲೆ ಪೆನ್ನಿನ ತುದಿ ಇಟ್ಟು, ಇದೇ ನಿನ್ನ ಪಿಶವಿ, ಎಲ್ಲ ಮುಗಿದ ಮೇಲೆ ತೆಗೆದ ಚಿತ್ರ ಇದು ಅಂದರು.

ನಾನು ಕಣ್ಣು ಮಿಟುಕಿಸದೆ ನೋಡಿದೆ. ಮಕ್ಕಳಾಗುತ್ತವೆಯೇ ಎಂದು ಕೇಳಿದೆ. ಮಾತು ಕೊಡಲಾರೆ, ಆದರೆ ದಾರಿ ಮುಚ್ಚಿಲ್ಲ ಅಂದರು.

ಆಮೇಲೆ ನನ್ನ ಹೊಟ್ಟೆ ಮುಟ್ಟಿ ನೋಡಿದರು. ಬಿಗಿದ ಬಟ್ಟೆಯ ಬರೆ ಇನ್ನೂ ಇತ್ತು. ಗುಳಿಗೆಯ ಬಗ್ಗೆ ಕೇಳಿದರು. ಮುಚ್ಚಿಡಲಿಲ್ಲ, ಬಚ್ಚಲಿಗೆ ಹೋದವು ಅಂದೆ. ಅತ್ತೆ ಬಾಯಿ ಬಿಟ್ಟು ನನ್ನನ್ನೇ ನೋಡಿದರು. ಡಾಕ್ಟರ್ ಬಾಯಿಗೆ ಆಗ ನಿಜಕ್ಕೂ ಸಿಟ್ಟು ಬಂತು. ನೋವು ಸಹಿಸಿದ್ದಕ್ಕೆ ಯಾರೂ ಬಹುಮಾನ ಕೊಡುವುದಿಲ್ಲ, ನೋವಿಗೆ ಹೆದರಿ ಉಸಿರು ಬಿಗಿ ಹಿಡಿದು ಮಲಗಿದರೆ ಹೊಟ್ಟೆ ಉಬ್ಬುತ್ತದೆ, ಮಲ ಗಟ್ಟಿಯಾಗುತ್ತದೆ, ನೋವು ಇನ್ನಷ್ಟು ಆಗುತ್ತದೆ ಅಂದರು. ಗುಳಿಗೆಯನ್ನು ಹೊತ್ತಿಗೆ ನುಂಗು, ಮನೆಯೊಳಗೆ ಹೊರಗೆ ಮೆಲ್ಲಗೆ ಅಡ್ಡಾಡು, ಉಸಿರು ಪೂರಾ ಎಳೆದುಕೋ, ನೀರು ಕುಡಿ, ತುಪ್ಪದ ಉಂಡೆ ಸದ್ಯಕ್ಕೆ ಬೇಡ, ಜ್ವರ ಬಂದರೆ ಅಥವಾ ನೋವು ಏರುತ್ತಲೇ ಹೋದರೆ ಕೂಡಲೇ ಬಾ. ಭುಜಕ್ಕೆ ಬೇಕಾದರೆ ಬೆಚ್ಚಗೆ ಶಾಖ ಕೊಡಬಹುದು ಅಂದದ್ದೇ ಅತ್ತೆ ನೆಟ್ಟಗೆ ಕೂತರು.

"ಕೇಳಿದಿ? ಶಾಖಾ ಕೊಡು ಅಂದಾರ" ಎಂದು ನನ್ನನ್ನು ಮೊಣಕೈಯಿಂದ ತಿವಿದರು. ತಾವು ಕೊಡುತ್ತಿದ್ದ ಶಾಖ ಸರಿಯೇ, ಜಾಗ ಮಾತ್ರ ಬೇರೆ, ಎಂಬ ಗತ್ತು.

ಊರಿಗೆ ಬಂದ ಮೇಲೆ ಕಿಟಕಿಯ ಗೋಣಿತಟ್ಟು ಇಳಿಯಿತು, ಅಗ್ಗಿಷ್ಟಿಗೆ ಹೊರಗೆ ಹೋಯಿತು. ಅತ್ತೆ ಉಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ, ತಮ್ಮ ಕೆನ್ನೆಗೆ ಹಿಡಿದು ನೋಡಿ, ಆಮೇಲೆ ನನ್ನ ಭುಜಕ್ಕೆ ಇಡುತ್ತಿದ್ದರು. ಗುಳಿಗೆ ಕೊಟ್ಟರೆ ಎದುರಿಗೇ ನಿಲ್ಲುವುದು. "ಬಾಯಿ ತೆರಿ. ನಾಲಿಗಿ ಎತ್ತು." ಚಿಕ್ಕ ಹುಡುಗಿಗೆ ಮಾಡಿದ ಹಾಗೆ ತಪಾಸಣೆ. ನನ್ನಷ್ಟೇ ಸಂಶಯದ ಮನುಷ್ಯಳು ಈ ಮನೆಯಲ್ಲಿ ಮೊದಲಿನಿಂದಲೂ ಇದ್ದರು, ನನಗೇ ಗೊತ್ತಿರಲಿಲ್ಲ. ಬೆಳಿಗ್ಗೆ ಸಂಜೆ ದನದ ಕೊಟ್ಟಿಗೆಯಿಂದ ಹೊಲದ ಬದುವಿನವರೆಗೆ ಇಬ್ಬರೂ ಅಡ್ಡಾಡುತ್ತಿದ್ದೆವು. ನಾನು ನಿಂತರೆ ಅವರೂ ನಿಲ್ಲುತ್ತಿದ್ದರು. ಒಂದು ದಿನ ಗೋದಲಿಯ ಹತ್ತಿರ ಆಕಳ ಹಗ್ಗ ಬಿಚ್ಚಲು ಬಲಗೈ ಎತ್ತಿದಾಗ ಭುಜ ನೋಯಲಿಲ್ಲ. ನರ್ಸು ಹೇಳಿದ್ದು ಖರೆ ಇತ್ತು, ಆ ಗ್ಯಾಸು ತನ್ನಷ್ಟಕ್ಕೆ ತಾನು ಹೋಗಿತ್ತು. ಹೊಟ್ಟೆಯ ಹೊಲಿಗೆಗಳೂ ದಿನ ಹೋದ ಹಾಗೆ ಮೆತ್ತಗಾದವು.

ನೋವು ಹೋಯಿತು. ನಾನು ಹೆದರಿದ್ದ ಹಾಗೆಯೇ ಕೇಳುವ ನೆಪವೂ ಹೋಯಿತು. ಅನುಮಾನ ಮಾತ್ರ ಎಲ್ಲಿಗೂ ಹೋಗಲಿಲ್ಲ. ಒಂದು ಸಂಜೆ ಬದುವಿನ ಮೇಲೆ ಅತ್ತೆ ತಾವಾಗಿಯೇ ಬಾಯಿ ಬಿಟ್ಟರು.

"ಆ ವಿಡಿಯೋ ನಿಂದೇ ಅಂತ ಹ್ಯಾಂಗ ತಿಳೀಬೇಕು? ಹೊಟ್ಟಿ ಒಳಗ ಎಲ್ಲಾರ್ದೂ ಹಂಗೇ ಇರತದ. ಬಂದವರಿಗೆಲ್ಲಾ ಅದನ್ನೇ ತೋರಸ್ತಾರೋ ಏನೋ."

"ಏನ್ರಿ ಅತ್ತೀ, ನಿಮ್ಮದೊಂದು" ಎಂದು ಅವರ ಮೇಲೆ ರೇಗಿದೆ. ಆದರೆ ವಿಡಿಯೋ ನೋಡಿದ ದಿನದಿಂದ ನನ್ನ ತಲೆಯಲ್ಲಿ ಇದ್ದದ್ದೂ ಅದೇ ಮಾತು. ಅದರ ಮೇಲೆ ನನ್ನ ಮುಖ ಇರಲಿಲ್ಲವಲ್ಲ.

ಹಾಗಾಗಿ ಕಾಯುವುದೊಂದೇ ಉಳಿಯಿತು. ಪಿಶವಿ ತೆಗೆಸಿಕೊಂಡವರಿಗೆ ಮುಟ್ಟಿಲ್ಲ, ಇದ್ದರೆ ಅದು ತಾನೇ ಹೇಳಬೇಕು. ಮುಟ್ಟಾಗುವ ಹೊತ್ತು ಬಂತು, ಆಗಲಿಲ್ಲ. ಆಪರೇಶನ್ ಆದ ಮೇಲೆ ಹಿಂದೆ ಮುಂದೆ ಆಗುತ್ತದೆ ಎಂದು ಡಾಕ್ಟರ್ ಬಾಯಿ ಹೇಳಿದ್ದರು. ಆದರೂ ದಿನ ಎಣಿಸತೊಡಗಿದೆ. ನಾನು ಒಗೆಯಲು ಇಟ್ಟ ಬಟ್ಟೆಯನ್ನು ಅತ್ತೆ ನನಗಿಂತ ಮೊದಲು ಹೋಗಿ ಎತ್ತಿ ನೋಡುತ್ತಿದ್ದರು. ನೋಡಿ, ಸುಮ್ಮನೆ ಬಕೆಟ್ಟಿಗೆ ಹಾಕುತ್ತಿದ್ದರು. ನಾನು ಕಂಡೂ ಕಾಣದಂತೆ ಇದ್ದೆ. ಆ ದಿನಗಳಲ್ಲಿ ನಮ್ಮಿಬ್ಬರಿಗೂ ಊಟ ಸೇರುತ್ತಿರಲಿಲ್ಲ. ನಮ್ಮ ಮನೆಯವರು ರೊಟ್ಟಿ ಮುರಿಯುತ್ತ ಒಮ್ಮೆ ನನ್ನ ಕಡೆ, ಒಮ್ಮೆ ತಮ್ಮ ಅವ್ವನ ಕಡೆ ನೋಡಿ, ಎದ್ದು ದನಕ್ಕೆ ನೀರು ಕುಡಿಸಲು ಹೋಗುತ್ತಿದ್ದರು.

ಒಂದು ಬೆಳಿಗ್ಗೆ ಅಂಗಳ ಗುಡಿಸುತ್ತಿದ್ದೆ. ಸೊಂಟದಲ್ಲಿ ಹಿಡಿದಂತಾಯಿತು. ಬಗ್ಗಿದ್ದಕ್ಕೆ ಇರಬಹುದು ಎಂದು ನೆಟ್ಟಗಾದೆ. ಮತ್ತೆ ಬಂತು, ಈ ಸಲ ಕಿಬ್ಬೊಟ್ಟೆಯಲ್ಲಿ, ತಿರುಚಿ, ತೊಡೆಯವರೆಗೆ ಇಳಿಯಿತು. ಈ ನೋವು ನನಗೆ ಗೊತ್ತಿತ್ತು. ಹುಡುಗಿಯಾಗಿದ್ದಾಗಿನಿಂದ ಬೈದುಕೊಂಡು ಬಂದ ನೋವು. ಕಸಬರಿಗೆ ಅಲ್ಲೇ ಬಿಟ್ಟು ಬಚ್ಚಲಿಗೆ ಹೋದೆ.

ಹೊರಗೆ ಬಂದಾಗ ಅತ್ತೆ ಜಗಲಿಯ ಮೇಲೆ ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡು ಪೂಜೆಗೆ ಕೂತಿದ್ದರು. ಹಣೆಯ ಮೇಲೆ ವಿಭೂತಿ ಇನ್ನೂ ಒದ್ದೆ. ಪೂಜೆಯ ನಡುವೆ ಮಾತಾಡುವವರಲ್ಲ. ನನ್ನ ಮುಖ ನೋಡಿದರು.

"ಮುಟ್ಟಾಗೀನ್ರಿ ಅತ್ತೀ" ಅಂದೆ.

ಅವರು ಲಿಂಗವನ್ನು ಕಣ್ಣಿಗೊತ್ತಿಕೊಂಡು ಕರಡಿಗೆಯಲ್ಲಿ ಇಟ್ಟರು. ಎದ್ದರು. ಹತ್ತಿರ ಬಂದರು.

"ತೋರಸು" ಅಂದರು.

ತೋರಿಸಿದೆ. ಬಚ್ಚಲಿಗೆ ಕರೆದುಕೊಂಡು ಹೋಗಿ ಬಟ್ಟೆ ಎತ್ತಿ ಬೆಳಕಿಗೆ ಹಿಡಿದೆ. ಅತ್ತೆ ಬಾಗಿ ನೋಡಿದರು. ಅವಸರವಿಲ್ಲದೆ, ಒಮ್ಮೆ ಈ ಕಡೆಯಿಂದ, ಒಮ್ಮೆ ಆ ಕಡೆಯಿಂದ ನೋಡಿದರು. ಸೆರಗು ಬಾಯಿಗೆ ಹೋಯಿ‌ತು. ಕಣ್ಣು ತುಂಬಿ ಬಂದು ಒಂದೊಂದೇ ಹನಿ ಗದ್ದಕ್ಕೆ ಇಳಿಯಿತು, ಒರೆಸಿಕೊಳ್ಳಲಿಲ್ಲ.

"ಬ್ಯಾನಿ ಅದನಾ?"

"ಅದರಿ."

"ಭಾಳ ಅದನಾ?"

"ಭಾಳ ಅದರಿ" ಅಂದೆ. ನನಗೆ ನಗು ಬರುತ್ತಿತ್ತು, ಅಳುವೂ ಬರುತ್ತಿತ್ತು.

"ಇರ್ಲಿ" ಅಂದರು ಅತ್ತೆ. "ಛಲೋ ಆಯ್ತು."

ಒಳಗೆ ಹೋಗಿ ಬಿಸಿನೀರಿನ ಲೋಟ, ಅಂಗೈಯಲ್ಲಿ ಒಂದು ಗುಳಿಗೆ ಹಿಡಿದುಕೊಂಡು ಬಂದರು. ನಾನು ಬಾಯಿಗೆ ಹಾಕಿಕೊಂಡು ನೀರು ಕುಡಿದೆ. ಅವರು ಎದುರಿಗೇ ನಿಂತಿದ್ದರು. ಅವರು ಹೇಳುವ ಮೊದಲೇ ನಾನು ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸಿದೆ.